ಒಬೆಲಿಸ್ಕ್, ಮಧ್ಯಾಹ್ನ 12:55

ಹೋದ ವಾರ ನಮ್ಮಲ್ಲಿ ಹೊಸ ಗೈಡ್ ಒಬ್ಬಳು ಸೇರಿದಳು. ಶ್ರೀರಂಗಪಟ್ಟಣದ ಕೋಟೆ ತೋರಿಸುತ್ತಾ ನಡೆಸುವ ವಾಕ್ ಇನ್ನು ಮುಂದೆ ಅವಳದು. 'ಅಕ್ಕಾ, ನಿಮ್ಮ ನೋಟ್ಸ್ ಇದ್ರೆ ಕೊಡ್ತೀರಾ?' ಎಂದು ಕೇಳಿದಳು. ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ನಡುವಿನ ಒಂದು ಪುಟದಲ್ಲಿ ಕೆಂಪು ಇಂಕಿನಲ್ಲಿ ನಾನೇ ಬರೆದಿದ್ದೆ: 'ಒಬೆಲಿಸ್ಕ್ 12:55. ತಡ ಆಗಲೇಬಾರದು.' ಅದರ ಕೆಳಗೆ ಎರಡು ಗೆರೆ. ಒಬೆಲಿಸ್ಕ್ ಅಂದರೆ ಕೋಟೆಯ ಗೋಡೆ ಒಡೆದ ಜಾಗದಲ್ಲಿರುವ ಸ್ಮಾರಕ ಕಂಬ. ಆ ಪುಟವನ್ನು ಹಾಗೇ ಅವಳ ಕೈಗೆ ಕೊಡಲು ಮನಸ್ಸಾಗಲಿಲ್ಲ.

ಶ್ರೀರಂಗಪಟ್ಟಣ ಒಂದು ದ್ವೀಪ ಅನ್ನೋದು ಬರುವವರಲ್ಲಿ ಮುಕ್ಕಾಲು ಜನರ ಗಮನಕ್ಕೇ ಬರುವುದಿಲ್ಲ. ಬೆಂಗಳೂರಿನಿಂದ ಬರುವ ಬಸ್ಸು ಒಂದು ಸೇತುವೆ ದಾಟಿ ಊರೊಳಗೆ ಬರುತ್ತದೆ, ಇನ್ನೊಂದು ಸೇತುವೆ ದಾಟಿ ಮೈಸೂರಿನ ಕಡೆ ಹೋಗುತ್ತದೆ. ಕಿಟಕಿ ಪಕ್ಕ ಕೂತವರು ಎರಡು ಸಲ 'ಕಾವೇರಿ' ಅಂತಾರೆ, ಅಷ್ಟೇ. ಹೊಳೆ ಎರಡು ಕವಲಾಗಿ ಸುಮಾರು 5 ಕಿಲೋಮೀಟರ್ ಉದ್ದದ ಈ ನೆಲವನ್ನು ಸುತ್ತಿ, ಗಂಜಾಂ ಆಚೆ ಸಂಗಮದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಅದಕ್ಕೇ ನಾನು ಯಾವಾಗಲೂ ವೆಲ್ಲೆಸ್ಲಿ ಸೇತುವೆಯಿಂದ ಶುರು ಮಾಡುತ್ತಿದ್ದೆ. 1804ರಲ್ಲಿ ದಿವಾನ್ ಪೂರ್ಣಯ್ಯ ಕಟ್ಟಿಸಿದ್ದು, ಪೂರಾ ಕಲ್ಲಿನ ಕಂಬಗಳು. ಅಲ್ಲಿ ನಿಂತು ಕೆಳಗೆ ನೀರು ನೋಡಿದ ಮೇಲೇ ಜನರಿಗೆ ತಾವು ಬಂದಿರುವುದು ದ್ವೀಪಕ್ಕೆ ಎಂದು ಅರ್ಥವಾಗುವುದು.

ನಮ್ಮ ವಾಕ್ ಬೆಳಿಗ್ಗೆ ಏಳೂವರೆಗೆ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತಿತ್ತು. ಎರಡು ವರ್ಷದ ಹಿಂದೆ ಮೇ 4ರಂದು ಒಂದು ಸ್ಪೆಷಲ್ ವಾಕ್ ಇಡೋಣ ಎಂದು ಹೇಳಿದ್ದು ನಾನೇ. 1799ರಲ್ಲಿ ಟಿಪ್ಪುವಿನ ಕೋಟೆ ಬ್ರಿಟಿಷರ ದಾಳಿಗೆ ಬಿದ್ದದ್ದು ಅದೇ ದಿನ. ದಾಳಿ ಶುರುವಾದದ್ದು ಮಧ್ಯಾಹ್ನ ಒಂದು ಗಂಟೆಗೆ. ಅದೇ ದಿನ, ಅದೇ ಹೊತ್ತಿಗೆ, ಗೋಡೆ ಒಡೆದ ಅದೇ ಜಾಗದಲ್ಲಿ ಜನರನ್ನು ನಿಲ್ಲಿಸಿ ಕಥೆ ಹೇಳಬೇಕು ಅನ್ನುವುದು ನನ್ನ ಎಷ್ಟೋ ದಿನದ ಆಸೆ. ಅದಕ್ಕಾಗಿ ಶುರುವಿನ ಸಮಯವನ್ನು ಒಂಬತ್ತೂವರೆಗೆ ತಳ್ಳಿದೆ. ಆಫೀಸಿನಲ್ಲಿ ಯಾರೂ ಬೇಡ ಅನ್ನಲಿಲ್ಲ. ಬುಕಿಂಗ್ ಚೆನ್ನಾಗಿ ಬಂತು. ಚೆನ್ನಾಗಿ ಅಂದರೆ ಜಾಸ್ತಿಯೇ ಬಂತು. ನಮ್ಮ ಲಿಮಿಟ್ 15 ಪ್ಯಾಕ್ಸ್, ಅಂದರೆ 15 ಜನ; ಅವತ್ತು ಸೇಲ್ಸ್‌ನವರು 26 ತಗೊಂಡಿದ್ದರು. ಟೇಲ್ ಗೈಡ್ ಕೊಡಿ ಎಂದು ಎರಡು ಸಲ ಕೇಳಿದೆ. ಕೊಡಲಿಲ್ಲ. ಅಷ್ಟು ಜನರಿಗೆ ಹಿಂದೆ ಒಬ್ಬರು ಇಲ್ಲದೆ ಕಳಿಸಿದ್ದು ತಪ್ಪು ಎಂದು ಅವತ್ತೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಆದರೆ ಟೈಮ್ ಬದಲಿಸಿದ್ದು ನಾನು.

ಆ ಗುಂಪಿನಲ್ಲಿ ಒಬ್ಬ ಅಜ್ಜಿ ಇದ್ದರು. ತಿಪಟೂರಿನ ಕಡೆಯವರು, ರಿಟೈರ್ಡ್ ಟೀಚರ್, ಎಪ್ಪತ್ತು ದಾಟಿದ ವಯಸ್ಸು. ಜೊತೆಗೆ ಮಗ, ಮೊಮ್ಮಗಳು. ಇಡೀ ಗುಂಪಿನಲ್ಲಿ ಒಳ್ಳೆಯ ಪ್ರಶ್ನೆ ಕೇಳುತ್ತಿದ್ದವರು ಅವರೊಬ್ಬರೇ. ಮಸ್ಜಿದ್-ಎ-ಆಲಾ ಮುಂದೆ ನಿಂತಾಗ, 'ಎರಡು ಮಿನಾರ್ ಮೇಲಿಂದ ಆ ಕಡೆ ದಂಡು ಬರೋದು ಕಾಣಿಸ್ತಿತ್ತೇನಮ್ಮಾ?' ಎಂದು ಕೇಳಿದರು. ಅಂಥವರು ಒಬ್ಬರಿದ್ದರೆ ಗೈಡ್‌ಗೆ ಹುರುಪು ಬರುತ್ತದೆ. ನನಗೂ ಬಂತು. ಎಲ್ಲ ಸ್ಟಾಪಿನಲ್ಲೂ ಐದೈದು ನಿಮಿಷ ಜಾಸ್ತಿ ಮಾತಾಡಿದೆ. ಟಿಪ್ಪು ಬಗ್ಗೆ ಇಬ್ಬರು ಗಂಡಸರು ವಾದಕ್ಕೆ ಬಿದ್ದರು, ಅವರನ್ನು ಸಮಾಧಾನ ಮಾಡಿದ್ದರಲ್ಲಿ ಇನ್ನೂ ಹತ್ತು ನಿಮಿಷ ಹೋಯಿತು. ವಾಟರ್ ಗೇಟ್ ದಾಟಿ ಕರ್ನಲ್ ಬೇಲಿ ಡಂಜನ್‌ಗೆ ಬರುವಾಗ 12:25.

ಡಂಜನ್ ನೋಡಿದವರಿಗೆ ಗೊತ್ತು. ಕೋಟೆಯ ಗೋಡೆಗೆ ಅಂಟಿಕೊಂಡು, ಮೆಟ್ಟಿಲಿಳಿದು ಹೋಗುವ ಜಾಗ. ಇಟ್ಟಿಗೆ ಗಾರೆಯ ಕಮಾನುಗಳು, ಒಳಗೆ ತಣ್ಣಗಿನ ನೆರಳು. ಕೈದಿಗಳನ್ನು ಸರಪಳಿಯಲ್ಲಿ ಕಟ್ಟುತ್ತಿದ್ದ ಕಲ್ಲುಗಳು ಇನ್ನೂ ಇವೆ. ಚಾವಣಿ ಒಡೆದು ಒಳಗೆ ಬಿದ್ದ ಫಿರಂಗಿ ಬಿದ್ದಲ್ಲೇ ಇದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆ ಸಿಕ್ಕ ಬ್ರಿಟಿಷ್ ಅಧಿಕಾರಿ ಕರ್ನಲ್ ಬೇಲಿ ಎರಡು ವರ್ಷಕ್ಕೆ ಸೆರೆಯಲ್ಲೇ ಸತ್ತ. ಅದೇ ಯುದ್ಧದಲ್ಲಿ ಸಿಕ್ಕಿಬಿದ್ದ ಇನ್ನೊಬ್ಬ, ಡೇವಿಡ್ ಬೇರ್ಡ್, 1784ರ ತನಕ ಈ ಊರಿನಲ್ಲೇ ಕೈದಿಯಾಗಿದ್ದ. 1799ರಲ್ಲಿ ದಾಳಿಯ ಮುಂದಾಳಾಗಿ ಬಂದವನು ಅವನೇ. ಇದನ್ನು ಹೇಳಿದಾಗ ಗುಂಪು ಯಾವಾಗಲೂ ಒಂದು ಕ್ಷಣ ಸುಮ್ಮನಾಗುತ್ತದೆ. ಅವತ್ತೂ ಆಯಿತು.

ಅಜ್ಜಿ ಕಮಾನಿನ ಕೆಳಗಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಹೊರಡೋಣ ಅಂದಾಗ ಮೆಲ್ಲಗೆ ಕೇಳಿದರು: 'ಇಲ್ಲೇ ಇನ್ನೊಂಚೂರು ಹೊತ್ತು ಕೂರೋಣ್ವಾ ಮಗಳೇ? ತಣ್ಣಗಿದೆ.'

ನಾನು ವಾಚ್ ನೋಡಿದೆ. 12:41.

'ಇನ್ನೊಂದೇ ಜಾಗ ಅಮ್ಮ. ಒಂದು ಗಂಟೆಗೆ ಅಲ್ಲಿರಬೇಕು. ಆಮೇಲೆ ಎಷ್ಟು ಹೊತ್ತು ಬೇಕಾದ್ರೂ ಕೂರೋಣ' ಅಂದೆ.

ಅವರು ಎದ್ದರು. ಮಗನ ಭುಜ ಹಿಡಿದು ಎದ್ದರು. ಅದನ್ನು ನಾನು ನೋಡಿದೆ. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುವುದು ಆ ಒಂದು ನೋಟಕ್ಕೇ. ನೋಡಿಯೂ ಹೊರಟೆ.

ಒಬೆಲಿಸ್ಕ್ ಇರುವುದು ಕೋಟೆಯ ವಾಯುವ್ಯ ಮೂಲೆಯಲ್ಲಿ. ಗೋಡೆ ಒಡೆದ ಜಾಗದ ಗುರುತಿಗೆ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಕಂಬ. ಕೆಳಗೆ ಹೊಳೆ, ಬರೀ ಬಂಡೆ. 12:57ಕ್ಕೆ ತಲುಪಿದೆವು. ಹೆಡ್ ಕೌಂಟ್ ಮಾಡಿದೆ, 26. ಆ್ಯಪ್‌ನಲ್ಲಿ ಚೆಕ್-ಇನ್ ಒತ್ತಿದೆ. ನನ್ನ ಮಾತನ್ನು ಎಲ್ಲರ ಕಿವಿಗೆ ಮುಟ್ಟಿಸುವ ವಿಸ್ಪರ್ ಸೆಟ್‌ನ ಬ್ಯಾಟರಿ ಆಗಲೇ ಸತ್ತಿತ್ತು, ಗಂಟಲೆತ್ತರಿಸಿ ಶುರು ಮಾಡಿದೆ.

'ಮಳೆಗಾಲಕ್ಕೆ ಮುಂಚೆ ಕೋಟೆ ಬೀಳಲೇಬೇಕಿತ್ತು. ಹೊಳೆ ತುಂಬಿದರೆ ಈ ದ್ವೀಪವನ್ನು ಯಾರೂ ಮುಟ್ಟೋಕಾಗಲ್ಲ. ಬ್ರಿಟಿಷ್ ದಂಡಿನ ಜನರಲ್ ಹ್ಯಾರಿಸ್ ಹತ್ತಿರ ಅಕ್ಕಿ ಮುಗಿಯುತ್ತಾ ಬಂದಿತ್ತು. ನೀರು ಇಳಿದಿತ್ತು, ಬಂಡೆ ಮೇಲೆ ನಡೆದು ದಾಟಬಹುದಿತ್ತು. ಹಾಗಾದ್ರೆ ಬೆಳಿಗ್ಗೆ ಯಾಕೆ ಬರಲಿಲ್ಲ? ಮಧ್ಯಾಹ್ನ ಒಂದು ಗಂಟೆನೇ ಯಾಕೆ? ಯಾಕಂದ್ರೆ ಮೇ ತಿಂಗಳ ಆ ಬಿಸಿಲಲ್ಲಿ ಯಾರೂ ಹೊರಗೆ ನಿಲ್ಲಲ್ಲ. ಕಾವಲಿನವರು ಊಟಕ್ಕೆ, ನೆರಳಿಗೆ ಹೋಗಿರ್ತಾರೆ. ಟಿಪ್ಪು ಕೂಡ ಊಟಕ್ಕೆ ಕೂತಿದ್ದ. ಸರಿಯಾಗಿ ಒಂದು ಗಂಟೆಗೆ...'

ಅಷ್ಟರಲ್ಲಿ ಮೊಮ್ಮಗಳು ಕಿರುಚಿದಳು.

ಅಜ್ಜಿ ಕುಸಿದು ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು. 'ಏನಿಲ್ಲಮ್ಮ, ಸ್ವಲ್ಪ ತಲೆ ಸುತ್ತು' ಅಂದರು. ಮಾತು ಎಳೆದೆಳೆದು ಬರುತ್ತಿತ್ತು. ಕೈ ಹಿಡಿದೆ, ಬೆಂಕಿಯಂತೆ ಸುಡುತ್ತಿತ್ತು. ನೆರಳಿಗೆ ಕರೆದೊಯ್ಯಬೇಕು. ಎಲ್ಲಿದೆ ನೆರಳು? ಗೋಡೆಯ ಬುಡಕ್ಕೆ ಓಡಿದೆ. ಮೇ ಮೊದಲ ವಾರ ನಮ್ಮ ಕಡೆ ಮಧ್ಯಾಹ್ನ ಸೂರ್ಯ ಹೆಚ್ಚುಕಮ್ಮಿ ನೆತ್ತಿಯ ಮೇಲೇ ಇರುತ್ತಾನೆ. ಅಷ್ಟು ಎತ್ತರದ ಗೋಡೆಗೆ ಒಬ್ಬರು ಮಲಗುವಷ್ಟು ನೆರಳೂ ಇರಲಿಲ್ಲ. ಎಷ್ಟು ವರ್ಷದಿಂದ ಇಲ್ಲಿ ನಡೆದಿದ್ದೇನೆ, ಆ ಗೋಡೆಯ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ.

ಮಗ ನನ್ನ ಮೇಲೆ ಕೂಗಾಡುತ್ತಿದ್ದರು. ಯಾರೋ 108ಕ್ಕೆ ಫೋನ್ ಮಾಡುತ್ತಿದ್ದರು. ನಮ್ಮ ಟಿಟಿ (ಟೆಂಪೋ ಟ್ರಾವೆಲರ್) ನಿಂತಿದ್ದದ್ದು ದೇವಸ್ಥಾನದ ಪಾರ್ಕಿಂಗ್‌ನಲ್ಲಿ. ಡ್ರೈವರ್ ಊಟಕ್ಕೆ ಹೋಗಿದ್ದರು, ಫೋನ್ ಎತ್ತಲಿಲ್ಲ. ಒಂದು ಸಲ, ಎರಡು ಸಲ, ಆರು ಸಲ.

ಸ್ವಲ್ಪ ದೂರದ ಬೇವಿನ ಮರದಡಿ ಆಡು ಮೇಯಿಸುವವರೊಬ್ಬರು ಕೂತಿದ್ದರು. ಆಡುಗಳೆಲ್ಲ ಅಲ್ಲೇ ಮಲಗಿದ್ದವು. ಅವರೇ ಓಡಿಬಂದರು. 'ಎತ್ಕೊಂಡ್ ಬನ್ನಿ ಇತ್ಲಾಗೆ. ಈ ಹೊತ್ನಲ್ಲಿ ಆಡೂವೆ ನೆಳ್ಳು ಬಿಟ್ಟು ಬರಾಕಿಲ್ಲ ಕಣವ್ವ' ಅಂದರು. ಬೈದಂತೆಯೂ ಇರಲಿಲ್ಲ. ಇದ್ದದ್ದನ್ನು ಹೇಳಿದರು. ಒಂದು ನಿಮಿಷದ ಹಿಂದೆ ನಾನು ಅದನ್ನೇ ಹೇಳುತ್ತಿದ್ದೆ, ಯಾರೂ ಹೊರಗೆ ನಿಲ್ಲದ ಹೊತ್ತು ಎಂದು. ಹೇಳುತ್ತಾ 26 ಜನರನ್ನು ಅದೇ ಬಿಸಿಲಲ್ಲಿ ನಿಲ್ಲಿಸಿಕೊಂಡಿದ್ದೆ.

ನಾಲ್ಕು ಜನ ಎತ್ತಿಕೊಂಡು ಮರದಡಿ ಮಲಗಿಸಿದೆವು. ದುಪಟ್ಟಾ ಒದ್ದೆ ಮಾಡಿ ಕುತ್ತಿಗೆಗೆ, ಕಂಕುಳಿಗೆ ಇಟ್ಟೆ. ಕಾಲು ಸ್ವಲ್ಪ ಎತ್ತರಿಸಿದೆವು. ಇಬ್ಬರು ಗಾಳಿ ಬೀಸಿದರು. ನೀರು ಕುಡಿಸೋಣ ಎಂದು ಅವರ ಚೀಲದಿಂದ ಬಾಟಲಿ ತೆಗೆದೆ. ವೆಲ್ಲೆಸ್ಲಿ ಸೇತುವೆಯ ಹತ್ತಿರ ಬೆಳಿಗ್ಗೆ ನಾನೇ ಎಲ್ಲರಿಗೂ ಕೊಟ್ಟಿದ್ದ ಒಂದು ಲೀಟರ್ ಬಾಟಲಿ.

ಸೀಲ್ ಕೂಡ ಒಡೆದಿರಲಿಲ್ಲ.

'ಅಜ್ಜಿ ಬೆಳಿಗ್ಗೆಯಿಂದ ನೀರೇ ಕುಡಿದಿಲ್ಲ' ಎಂದು ಮೊಮ್ಮಗಳು ಅಳುತ್ತಾ ಹೇಳಿದಳು. 'ಟಾಯ್ಲೆಟ್ ಎಲ್ಲಿದೆಯೋ ಏನೋ, ಸುಮ್ನೆ ಯಾಕೆ ಅಂದ್ರು.'

ಇದು ನನಗೆ ಗೊತ್ತಿಲ್ಲದ ವಿಷಯವೇ? ನಾನೂ ಹೆಂಗಸು. ವಾಕ್ ಇರುವ ದಿನ ಬೆಳಿಗ್ಗೆ ಅರ್ಧ ಲೋಟ ಕಾಫಿ ಬಿಟ್ಟರೆ ನಾನೂ ಏನೂ ಕುಡಿಯುತ್ತಿರಲಿಲ್ಲ. ಬಸ್ಸಿನಲ್ಲಿ ದೂರ ಹೋಗುವ ನಮ್ಮ ಅಮ್ಮಂದಿರು, ಅತ್ತೆಯಂದಿರು ಎಲ್ಲ ಮಾಡುವುದು ಹೀಗೇ ಅಲ್ವಾ? ಆದರೂ ಬ್ರೀಫಿಂಗ್‌ನಲ್ಲಿ ದಿನಾ ಹೇಳುತ್ತಿದ್ದದ್ದು 'ನೀರು ಕುಡೀತಾ ಇರಿ' ಎಂದು ಮಾತ್ರ. ಟಾಯ್ಲೆಟ್ ಎಲ್ಲಿದೆ ಎಂದು ಒಂದು ಸಲವೂ ಹೇಳಿರಲಿಲ್ಲ. ನಮ್ಮ ರೂಟ್ ಕಾರ್ಡಿನಲ್ಲಿ ಒಂಬತ್ತು ಸ್ಟಾಪ್ ಇದ್ದವು. ಇಸವಿ ಇತ್ತು, ಫೋಟೋ ಪಾಯಿಂಟ್ ಇತ್ತು. ಅದೊಂದು ಇರಲಿಲ್ಲ.

ದೇವಸ್ಥಾನದ ಕಡೆಯಿಂದ ಯಾರೋ ಆಟೋ ಕರೆತಂದರು. ಆ ಅಣ್ಣ ಕಲ್ಲುಮುಳ್ಳು ನೋಡದೆ ಮರದ ತನಕ ಆಟೋ ತಂದು ನಿಲ್ಲಿಸಿದರು. ಆಸ್ಪತ್ರೆಗೆ ನಾನೂ ಹೋದೆ. ದಾರಿಯಲ್ಲಿ ಆಫೀಸಿನಿಂದ ಫೋನ್ ಬಂತು. ಉಳಿದ ಪ್ಯಾಕ್ಸ್‌ಗೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಮಿಸ್ ಆಗಬಾರದು, ಚೆಕ್-ಇನ್ ಪೆಂಡಿಂಗ್ ತೋರಿಸ್ತಿದೆ ಅಂದರು. ನಾನು ಫೋನ್ ಇಟ್ಟುಬಿಟ್ಟೆ. ಎರಡು ಡ್ರಿಪ್ ಹಾಕಿದರು. ನಾಲ್ಕು ಗಂಟೆ ಹೊತ್ತಿಗೆ ಅಜ್ಜಿ ಎದ್ದು ಕೂತು ಮಜ್ಜಿಗೆ ಕುಡಿದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಇನ್ಸಿಡೆಂಟ್ ಫಾರ್ಮ್‌ನಲ್ಲಿ 'ಕಾರಣ' ಎಂಬಲ್ಲಿ ಮೂರು ಆಯ್ಕೆ: ಅತಿಥಿಯ ಆರೋಗ್ಯ, ಹವಾಮಾನ, ಇತರೆ. ನಾನು 'ಇತರೆ' ಒತ್ತಿ ಬರೆದೆ: 'ಸಮಯ ಬದಲಿಸಿದ್ದು ನಾನು. ದಾರಿಯಲ್ಲಿ ಟಾಯ್ಲೆಟ್ ಸ್ಟಾಪ್ ಇಲ್ಲ. ಟೇಲ್ ಗೈಡ್ ಇರಲಿಲ್ಲ.' ಅದನ್ನು 'ಅತಿಥಿಯ ಆರೋಗ್ಯ' ಎಂದು ಬದಲಿಸಲು ಮ್ಯಾನೇಜರ್ ಕೇಳಿದರು. ನಾನು ಬದಲಿಸಲಿಲ್ಲ. ಒಂದು ತಿಂಗಳ ಮೇಲೆ ಆ್ಯಪ್‌ಗೆ ಗಂಟೆಗೊಮ್ಮೆ 'ನೀರು ಕುಡಿಯಿರಿ' ಎಂಬ ಬೀಪ್ ಸೇರಿಸಿದರು. ರೂಟ್ ಕಾರ್ಡ್ ಹಾಗೇ ಉಳಿಯಿತು. ಬಿಡುವಿನ ಎರಡು ಭಾನುವಾರ ಒಬ್ಬಳೇ ಇಡೀ ದಾರಿ ನಡೆದೆ. ಎಲ್ಲಿ ಶುಚಿಯಾದ ಟಾಯ್ಲೆಟ್ ಇದೆ, ಯಾವ ಹೊತ್ತಿಗೆ ಬೀಗ ತೆಗೆಯುತ್ತಾರೆ, ಯಾವ ಹೋಟೆಲಿನವರು ಬಿಡುತ್ತಾರೆ, ಯಾವ ಮರದಡಿ ಇಪ್ಪತ್ತು ಜನ ನಿಲ್ಲಬಹುದು, ಎಲ್ಲ ಬರೆದುಕೊಂಡೆ. ಈ ಕೆಲಸಕ್ಕೆ ಸೇರಿದ ಮೊದಲ ವಾರವೇ ಮಾಡಬೇಕಿತ್ತು.

ದಾರಿಯನ್ನೂ ತಿರುಗಿಸಿದೆ. ಈಗ ಆರೂವರೆಗೆ ಮೊದಲು ಒಬೆಲಿಸ್ಕ್. ಬೆಳಗಿನ ತಂಪಿನಲ್ಲಿ ಅಲ್ಲಿಂದ ಗೋಡೆ ಗುಂಟ ಪೂರ್ವಕ್ಕೆ ನಡೆದರೆ ವಾಟರ್ ಗೇಟ್, ಅಲ್ಲಿಂದ ಟಿಪ್ಪು ಹೆಣ ಸಿಕ್ಕ ಜಾಗ. ಅವತ್ತು ದಾಳಿಯವರಲ್ಲಿ ಒಂದು ತಂಡ ನುಗ್ಗಿದ್ದೂ ಇದೇ ಉತ್ತರದ ಗೋಡೆಯ ಮೇಲೆ, ಟಿಪ್ಪು ಹಿಂದೆ ಸರಿದದ್ದೂ ಇದೇ ಕಡೆಗೆ. ಗಡಿಯಾರ ನೋಡಿಕೊಂಡು ನಡೆಸಿದ ದಿನಗಳಿಗಿಂತ ಹೀಗೆ ಕಥೆ ಚೆನ್ನಾಗಿ ಕೂಡುತ್ತದೆ.

ಹತ್ತು ದಿನದ ಮೇಲೆ ಅಜ್ಜಿಯೇ ಫೋನ್ ಮಾಡಿದ್ದರು. ಕ್ಷಮೆ ಕೇಳಲು ಬಾಯಿ ತೆರೆದೆ. 'ಅದಿರಲಿ ಮಗಳೇ. ಸರಿಯಾಗಿ ಒಂದು ಗಂಟೆಗೆ ಅಂದು ನಿಲ್ಲಿಸಿಬಿಟ್ಟೆಯಲ್ಲ, ಆಮೇಲೇನಾಯ್ತು?' ಅಂದರು. ಹೇಳಿದೆ. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಹೊಳೆಗಿಳಿದದ್ದು, ಕೆಲವೇ ನಿಮಿಷದಲ್ಲಿ ಒಡಕಿನ ಮೇಲೆ ಬಾವುಟ ಏರಿದ್ದು, ಕತ್ತಲಾದ ಮೇಲೆ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಟಿಪ್ಪುವನ್ನು ಹುಡುಕಿದ್ದು, ಮಾರನೆಯ ದಿನ ಗುಂಬಜ್‌ನಲ್ಲಿ ಅಪ್ಪನ ಪಕ್ಕ ಮಣ್ಣು ಮಾಡಿದ್ದು. ಅವರು ಹೂಂಗುಟ್ಟುತ್ತಾ ಕೇಳಿದರು. ಕೊನೆಗೆ ಅಂದರು: 'ಟಾಯ್ಲೆಟ್ ಎಲ್ಲಿ ಅಂತ ಕೇಳೋಣ ಅಂದ್ಕೊಂಡೆ ಕಣೇ. ಕಿವಿಗೆ ಹಾಕ್ಕೊಂಡಿದ್ನಲ್ಲ ಆ ಮಿಷನ್ನು, ಅದರಲ್ಲಿ ನನ್ನ ಮಾತು ಎಲ್ರಿಗೂ ಕೇಳಿಸಿಬಿಡುತ್ತೇನೋ ಅಂತ ಸುಮ್ಮನಾದೆ.'

ನೋಟ್‌ಬುಕ್ಕಿನ ಆ ಪುಟವನ್ನು ಹರಿಯಲಿಲ್ಲ. '12:55' ಹೊಡೆದು ಹಾಕಿ, ಕೆಳಗೆ ನನ್ನ ಟಾಯ್ಲೆಟ್ ಪಟ್ಟಿ ಬರೆದು ಹೊಸ ಹುಡುಗಿಗೆ ಕೊಟ್ಟೆ. ಅವಳು ನಿಂತಲ್ಲೇ ಓದಿದಳು.

'ಅಕ್ಕಾ, ಡಂಜನ್ ಹತ್ತಿರ ಯಾವುದೂ ಇಲ್ವಾ?'

'ನನಗೆ ಸಿಗಲಿಲ್ಲ. ಅದಕ್ಕೇ ದೇವಸ್ಥಾನದ ಹತ್ತಿರ ಹತ್ತು ನಿಮಿಷ ನಿಲ್ಲಿಸು. ಕೇಳೋ ತನಕ ಕಾಯಬೇಡ, ನೀನೇ ಹೇಳು. ನೀನೂ ಹೋಗಿ ಬಾ.'