ತುಪ್ಪ ನೀರಾಗಿದೆ ಅನ್ನುವ ಮೊದಲು

ಮುಜಂಟಿ ಎಂಬ ಕಚ್ಚದ ಪುಟ್ಟ ಜೇನಿನ ತುಪ್ಪವನ್ನು ಪರೀಕ್ಷೆಗೆ ಕೊಟ್ಟರೆ ಬರುವ ವರದಿ ಹೆಚ್ಚುಕಮ್ಮಿ ಒಂದೇ ತರಹ ಇರುತ್ತದೆ. ತೇವಾಂಶ ಜಾಸ್ತಿ, ಆಮ್ಲ ಜಾಸ್ತಿ, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕಡಿಮೆ, ಮಾಲ್ಟೋಸ್ ಮಾತ್ರ ವಿಪರೀತ. ಓದಿದವರಿಗೆ ಕಲಬೆರಕೆ ಎಂದೇ ಅನ್ನಿಸುತ್ತದೆ. ಆದರೆ ಇದರಲ್ಲಿ ಅರ್ಧ ಆ ಹುಳದ ಗುಣ, ಇನ್ನರ್ಧ ಅಳೆದವರ ಎಡವಟ್ಟು. ಎರಡನ್ನೂ ಬೇರೆ ಮಾಡದೆ ತೀರ್ಪು ಕೊಡುವುದು ಸರಿಯಲ್ಲ.

ಮೊದಲು ನೀರಿನ ಲೆಕ್ಕ. ಜೇನುತುಪ್ಪ ಸುತ್ತಲಿನ ಗಾಳಿಯ ಜತೆ ಸದಾ ಕೊಡು-ಕೊಳ್ಳು ನಡೆಸುವ ವಸ್ತು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 60 ಇದ್ದರೆ ತುಪ್ಪ ಸುಮಾರು ಶೇ. 18.3 ನೀರಿಗೆ ಬಂದು ನಿಲ್ಲುತ್ತದೆ. ಆರ್ದ್ರತೆ 70 ಆದರೆ 24ರ ಆಸುಪಾಸು, 80 ಆದರೆ 33. ಮಳೆಕಾಡಿನ ಗಾಳಿಯಲ್ಲಿ, ಬಯಲಿಗೇ ಎರಿ ಕಟ್ಟುವ ಹೆಜ್ಜೇನು ಎಷ್ಟು ರೆಕ್ಕೆ ಬೀಸಿದರೂ ಒಣಹವೆಯ ನಾಡಿನ ಪೆಟ್ಟಿಗೆಯ ತುಪ್ಪದಷ್ಟು ಗಟ್ಟಿ ಮಾಡಲಾರದು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ನೀರಿನ ಸಾಮಾನ್ಯ ಮಿತಿ ಶೇ. 20. ಮುಜಂಟಿಯಂಥ ಕಚ್ಚದ ಜೇನುಗಳ ತುಪ್ಪ 25 ದಾಟುವುದು ಮಾಮೂಲು. ಮಲೇಷ್ಯಾ 2017ರಲ್ಲಿ ಈ ತುಪ್ಪಕ್ಕೇ ಬೇರೆ ಮಾನದಂಡ ಮಾಡಿ ಶೇ. 35ರವರೆಗೆ ಒಪ್ಪಿಕೊಂಡಿತು. ನನ್ನ ಪ್ರಕಾರ ಸರಿಯಾದ ದಾರಿ ಅದೇ.

ಇನ್ನು ಅಳೆಯುವ ಬಗೆ. ರಿಫ್ರಾಕ್ಟೋಮೀಟರ್ ನೀರನ್ನು ನೇರವಾಗಿ ಅಳೆಯುವುದಿಲ್ಲ. ಅದು ತೋರಿಸುವುದು ವಕ್ರೀಭವನಾಂಕ, ಅಂದರೆ ತುಪ್ಪದಲ್ಲಿ ಬೆಳಕು ಎಷ್ಟು ಬಾಗುತ್ತದೆ ಎನ್ನುವ ಅಂಕ. ನೀರಿನ ಪ್ರಮಾಣ ಕೋಷ್ಟಕದಿಂದ ಬರುತ್ತದೆ. ಕೋಷ್ಟಕ ಮಾಡಿರುವುದು 20 ಡಿಗ್ರಿ ಸೆಲ್ಸಿಯಸ್‌ಗೆ. 1.4865 ಅಂದರೆ ಶೇ. 20 ನೀರು, 1.4840 ಅಂದರೆ 21, 1.4740 ಅಂದರೆ 25. ಕೋಣೆ 20 ಡಿಗ್ರಿಗಿಂತ ಬೆಚ್ಚಗಿದ್ದರೆ ಪ್ರತಿ ಡಿಗ್ರಿಗೆ 0.00023 ಕೂಡಿಸಬೇಕು. ಒಂದು ಉದಾಹರಣೆ: 30 ಡಿಗ್ರಿ ಕೋಣೆಯಲ್ಲಿ 1.4850 ಬಂತು ಅನ್ನಿ. ಹಾಗೇ ಕೋಷ್ಟಕ ನೋಡಿದರೆ ಶೇ. 20.6, ಅಂದರೆ ಫೇಲು. ಹತ್ತು ಡಿಗ್ರಿಗೆ 0.0023 ಕೂಡಿಸಿದರೆ 1.4873, ಅಂದರೆ 19.7, ಪಾಸು. ತುಪ್ಪ ಅದೇ, ಸೀಸೆ ಅದೇ.

ಕೈಯಲ್ಲಿ ಹಿಡಿಯುವ ಉಪಕರಣಗಳಲ್ಲಿ ತಾಪ ತಿದ್ದುಪಡಿ ತಾನೇ ಆಗುವ ಮಾದರಿಗಳಿವೆ. ಅದಕ್ಕೆ ಮತ್ತೆ ಕೈಯಿಂದಲೂ ಕೂಡಿಸಿದರೆ ಲೆಕ್ಕ ಎರಡು ಸಲ ಆಗಿ, ನೀರು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಇನ್ನೊಂದು ತೊಡಕೆಂದರೆ ಅದು ತಿದ್ದುವುದು ಉಪಕರಣದ ತಾಪವನ್ನು, ತುಪ್ಪದ ತಾಪವನ್ನಲ್ಲ. ಆಗಷ್ಟೇ ಗೂಡಿನಿಂದ ತೆಗೆದ ಬೆಚ್ಚಗಿನ ತುಪ್ಪವನ್ನು ತಣ್ಣಗಿನ ಗಾಜಿನ ಮೇಲೆ ಹಾಕಿ ತಕ್ಷಣ ಓದಬೇಡಿ. ಎರಡೂ ಒಂದೇ ತಾಪಕ್ಕೆ ಬರಲಿ. ಗಾಜಿನ ಮೇಲೆ ತೆಳುವಾಗಿ ಸವರಿ, ಮುಚ್ಚಳ ಹಾಕಿ, ಗುಳ್ಳೆ ಇಲ್ಲವೆಂದು ನೋಡಿ, ಒಂದೆರಡು ನಿಮಿಷ ಬಿಟ್ಟು ಓದಿ. ಗೆರೆ ಮಸುಕಾಗಿದ್ದರೆ ಹರಳಿದೆ ಎಂದರ್ಥ. ಗಾಳಿ ಆಡದಂತೆ ಮುಚ್ಚಿದ ಸೀಸೆಯನ್ನು 50 ಡಿಗ್ರಿ ನೀರಿನಲ್ಲಿಟ್ಟು ಹರಳು ಕರಗಿಸಿ, ಆರಿಸಿ, ಮುಚ್ಚಳದ ಒಳಗೆ ಕೂತ ಹನಿಗಳ ಸಮೇತ ಕಲಕಿ ಮತ್ತೆ ಅಳೆಯಿರಿ. ಬ್ರಿಕ್ಸ್ ಅಂಕ ನೋಡಿ ನೂರರಿಂದ ಕಳೆಯುವವರಿದ್ದಾರೆ. ಹಾಗೆ ಮಾಡಿದರೆ ನೀರು ಸುಮಾರು ಒಂದೂವರೆ ಅಂಶ ಹೆಚ್ಚಾಗಿ ಬರುತ್ತದೆ, ಏಕೆಂದರೆ ಬ್ರಿಕ್ಸ್ ಸಕ್ಕರೆಪಾಕದ ಅಳತೆ, ತುಪ್ಪದ್ದಲ್ಲ. ಉಪಕರಣ ಸರಿಯಿದೆಯೇ ಎಂದು ನೋಡಲು ಶುದ್ಧ ಆಲಿವ್ ಎಣ್ಣೆ ಸಾಕು, 71ರಿಂದ 72 ಬ್ರಿಕ್ಸ್ ತೋರಿಸಬೇಕು.

ಮಾಮೂಲಿ ಕೋಷ್ಟಕ ಶೇ. 25ಕ್ಕೇ ಮುಗಿಯುತ್ತದೆ! ಮುಜಂಟಿ ತುಪ್ಪ ಶುರುವಾಗುವುದೇ ಅಲ್ಲಿಂದ. ಗೆರೆಯನ್ನು ಅಂದಾಜಿನಲ್ಲಿ ಮುಂದಕ್ಕೆ ಎಳೆಯುವುದಕ್ಕಿಂತ ಕಾರ್ಲ್ ಫಿಷರ್ ಎಂಬ ರಾಸಾಯನಿಕ ವಿಧಾನದಲ್ಲಿ ನೀರನ್ನು ನೇರವಾಗಿ ಅಳೆಸುವುದು ಮೇಲು.

ಮಾಲ್ಟೋಸ್‌ನ ಕತೆ ಇನ್ನೂ ಸ್ವಾರಸ್ಯದ್ದು. 2020ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಆಸ್ಟ್ರೇಲಿಯಾ, ಮಲೇಷ್ಯಾ, ಬ್ರೆಜಿಲ್‌ಗಳ ಐದು ಬಗೆಯ ಕಚ್ಚದ ಜೇನುಗಳ ತುಪ್ಪ ಪರೀಕ್ಷಿಸಿತು. ಅಲ್ಲಿಯವರೆಗೆ ಮಾಲ್ಟೋಸ್ ಎಂದು ಬರೆದುಕೊಂಡು ಬಂದಿದ್ದ ಸಕ್ಕರೆಯ ಮುಖ್ಯ ಪಾಲು ಟ್ರೆಹಲುಲೋಸ್ ಎಂದು ಆಗ ತಿಳಿಯಿತು. ನೂರು ಗ್ರಾಂ ತುಪ್ಪದಲ್ಲಿ 13ರಿಂದ 44 ಗ್ರಾಂ. ಇದರಲ್ಲೂ ಸುಕ್ರೋಸ್‌ನಲ್ಲಿರುವಂತೆ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಇವೆ, ಬೆಸುಗೆ ಮಾತ್ರ ಬೇರೆ ಕಡೆ. ಆ ಬೆಸುಗೆ ನಿಧಾನವಾಗಿ ಬಿಡುವುದರಿಂದ ರಕ್ತಕ್ಕೆ ಸಕ್ಕರೆ ಏರುವುದೂ ನಿಧಾನ. ಸಕ್ಕರೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಸಾಮಾನ್ಯ ಕಾಲಂನಲ್ಲಿ (ಬೇರ್ಪಡಿಸುವ ಕೊಳವೆಯಲ್ಲಿ) ಅದೂ ಮಾಲ್ಟೋಸೂ ಒಂದೇ ಹೊತ್ತಿಗೆ ಹೊರಬರುತ್ತವೆ, ಗುರುತು ತಪ್ಪಿದ್ದು ಅದಕ್ಕೆ. ವರದಿಯಲ್ಲಿ ಮಾಲ್ಟೋಸ್ ದೊಡ್ಡದಾಗಿ ಕಂಡರೆ ಯಾವ ಕಾಲಂ, ಟ್ರೆಹಲುಲೋಸ್‌ನ ಮಾದರಿ ಇಟ್ಟು ಹೋಲಿಸಿದ್ದೀರಾ ಎಂದು ಕೇಳಲೇಬೇಕು.

ಹಾಗಂತ ಟ್ರೆಹಲುಲೋಸ್ ಇದ್ದ ಮಾತ್ರಕ್ಕೆ ಅದು ಹೂವಿನ ತುಪ್ಪ ಎಂದು ಸಾಬೀತಾಗದು. ಅದೇ ತಂಡ ಆಮೇಲೆ ಕಚ್ಚದ ಜೇನುಗಳಿಗೆ ಬರೀ ಸಕ್ಕರೆಪಾಕ ಉಣಿಸಿ ನೋಡಿದಾಗಲೂ ಟ್ರೆಹಲುಲೋಸ್ ಧಾರಾಳವಾಗಿ ಬಂತು. ಅದನ್ನು ಕಟ್ಟುವುದು ಜೇನೇ, ಸುಕ್ರೋಸ್ ಎಲ್ಲಿಂದ ಬಂದರೇನು. ಕಬ್ಬಿನ ಸಕ್ಕರೆ ಹಿಡಿಯಲು, ಸಕ್ಕರೆ ಯಾವ ಬಗೆಯ ಗಿಡದ್ದೆಂದು ಅದರ ಇಂಗಾಲದಿಂದ ಗುರುತಿಸುವ ಐಸೋಟೋಪ್ ಪರೀಕ್ಷೆಯೇ ಬೇಕು. ಅದು ಬೀಟ್ ಸಕ್ಕರೆಯನ್ನು ಹಿಡಿಯುವುದಿಲ್ಲ ಎನ್ನುವುದೂ ನೆನಪಿರಲಿ. ತುಪ್ಪ ಯಾವ ಗಿಡದ್ದೆಂದು ತಿಳಿಯಲು ಮಾಡುವ ಪರಾಗ ಎಣಿಕೆಗೂ ಇಂಥದೇ ಮಿತಿ ಇದೆ. ರಬ್ಬರ್ ಮರದ ಮಕರಂದ ಹೂವಿನದಲ್ಲ, ಎಲೆತೊಟ್ಟಿನ ಗ್ರಂಥಿಗಳದ್ದು. ಹಾಗಾಗಿ ಅಪ್ಪಟ ರಬ್ಬರ್ ತುಪ್ಪದಲ್ಲೂ ರಬ್ಬರ್ ಪರಾಗ ಸಿಗುವುದು ಅಪರೂಪ.

ತೆಗೆಯುವಾಗಿನ ತಪ್ಪುಗಳು ಪ್ರಯೋಗಾಲಯದವರೆಗೂ ಬರುತ್ತವೆ. ಮುಜಂಟಿ ಎರಿ ಕಟ್ಟುವುದಿಲ್ಲ, ಮೇಣಕ್ಕೆ ಮರದ ಅಂಟು ಬೆರೆಸಿ ಪುಟ್ಟ ಕುಡಿಕೆ ಮಾಡುತ್ತದೆ. ತುಪ್ಪದ ಕುಡಿಕೆಗೆ ತಾಗಿಕೊಂಡೇ ಪರಾಗದ ಕುಡಿಕೆಗಳಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಹಿಂಡಿದರೆ ಹುಳಿಯಾದ ಪರಾಗ ಸೇರಿ ತುಪ್ಪ ಕದಡುತ್ತದೆ, ಬೇಗ ನೊರೆ ಏಳುತ್ತದೆ. ಬಾಯಿ ಮುಚ್ಚಿದ ಕುಡಿಕೆಗಳನ್ನಷ್ಟೇ ಚುಚ್ಚಿ, ಅಗಲ ಸೂಜಿಯ ಸಿರಿಂಜಿನಿಂದ ಒಂದೊಂದಾಗಿ ಎಳೆಯುವುದು ನಿಧಾನದ ಕೆಲಸ, ಆದರೆ ಬೇರೆ ದಾರಿ ಇಲ್ಲ.

ನೀರು ಶೇ. 17.1ಕ್ಕಿಂತ ಕಡಿಮೆಯಿದ್ದರೆ ಯೀಸ್ಟ್ ಎಷ್ಟಿದ್ದರೂ ತುಪ್ಪ ಹುದುಗುವುದಿಲ್ಲ. 20 ದಾಟಿದರೆ ಭಯ ಇದ್ದದ್ದೇ. ಅದಕ್ಕೆಂದು ಕುದಿಸಲು ಹೋದರೆ ಎಚ್‌ಎಮ್‌ಎಫ್ (ತುಪ್ಪ ಕಾಯ್ದಾಗ ಅದರ ಸಕ್ಕರೆಯಿಂದ ಹುಟ್ಟುವ ವಸ್ತು) ಏರುತ್ತದೆ. ಕಚ್ಚುವ ಜೇನಿನ ಮಾಮೂಲಿ ತುಪ್ಪದಲ್ಲಿ ಅದು ಕಿಲೋಗೆ 30 ಮಿಲಿಗ್ರಾಂ ಮುಟ್ಟಲು 30 ಡಿಗ್ರಿಯಲ್ಲಿ 150ರಿಂದ 250 ದಿನ ಬೇಕು, 40ರಲ್ಲಿ 20ರಿಂದ 50 ದಿನ, 60ರಲ್ಲಿ ಒಂದೆರಡೇ ದಿನ. ಕೋಡೆಕ್ಸ್ ಮಿತಿ 40, ಉಷ್ಣವಲಯದ್ದೆಂದು ನಮೂದಿಸಿದ ತುಪ್ಪಕ್ಕೆ 80. ನೀರು ಇಳಿಸಲೇಬೇಕಾದರೆ ಮುಚ್ಚಿದ ಕೋಣೆಯಲ್ಲಿ ಡಿಹ್ಯುಮಿಡಿಫೈಯರ್ ಇಟ್ಟು, ಅಗಲ ತಟ್ಟೆಯಲ್ಲಿ ತುಪ್ಪ ತೆಳುವಾಗಿ ಹರಡಿ, 35–40 ಡಿಗ್ರಿಯ ಗಾಳಿ ಹಾಯಿಸಿ, ಆಗಾಗ ಕಲಕಬೇಕು. ಕಲಕದಿದ್ದರೆ ಮೇಲ್ಪದರ ಮಾತ್ರ ಗಟ್ಟಿಯಾಗಿ ಅಡಿಯ ನೀರು ಅಲ್ಲೇ ಉಳಿಯುತ್ತದೆ. ಮುಜಂಟಿ ತುಪ್ಪಕ್ಕೆ ಇದರ ಉಸಾಬರಿ ಬೇಡ. ತೆಗೆದ ದಿನವೇ ಸೋಸಿ, ಸೀಸೆಗೆ ತುಂಬಿ, ಬಿಗಿಯಾಗಿ ಮುಚ್ಚಿ 4 ಡಿಗ್ರಿಯಲ್ಲಿಡಿ. ಪರೀಕ್ಷೆಗೆ ಕಳಿಸುವ ಮಾದರಿಯನ್ನೂ ಹಾಗೇ ತಣ್ಣಗೆ ಕಳಿಸಿ, ಇಲ್ಲವಾದರೆ ದಾರಿಯಲ್ಲೇ ಹುದುಗಿ ಆಮ್ಲದ ಅಂಕ ಏರಿರುತ್ತದೆ.