ಓಟಿಪಿ ಕೇಳಿದವಳು ನಾನೇ

ಶನಿವಾರ ಬೆಳಗ್ಗೆ ಐದನೇ ಕ್ಲಾಸಿಗೆ ಕಂಪ್ಯೂಟರ್ ಪೀರಿಯಡ್. ಮಕ್ಕಳು 34, ದಾನಿಗಳು ಕೊಟ್ಟ ಡೆಸ್ಕ್‌ಟಾಪ್ ಎರಡು. ಒಂದರ ಯುಪಿಎಸ್ ಹೋಗಿ ವರ್ಷವಾಯಿತು. ಇನ್ನೊಂದರ ಮುಂದೆ ಸಾಲಾಗಿ ಬರುತ್ತಾರೆ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದಲ್ಲಿ ಎ, ಎಂ, ಎಫ್, ಎಂ ಒತ್ತುತ್ತಾರೆ. ‘ಅಮ್ಮ’ ಅಂತ ಮೂಡಿದ ತಕ್ಷಣ ಮುಖ ಅರಳುತ್ತದೆ. ಸರದಿ ಮುಗಿಸಿ ಹೋದವರನ್ನು ಸುಮ್ನೆ ಕೂರಿಸೋಕೆ ಆಗಲ್ಲ ಅಲ್ವಾ? ಅವರಿಗೆ ಫೋನ್ ಪಾಠ. ಕಂಪ್ಯೂಟರ್ ಯಾರ ಮನೆಯಲ್ಲೂ ಇಲ್ಲ, ಫೋನ್ ಎಲ್ಲರ ಮನೆಯಲ್ಲೂ ಇದೆ. ದೊಡ್ಡವರು ಕೆಲಸಕ್ಕೆ ಹೋದರೆ ಅದು ಮಕ್ಕಳ ಕೈಯಲ್ಲೇ.

ಹೋದ ವರ್ಷ ಓಟಿಪಿ ಪಾಠವನ್ನು ಆಟದ ಹಾಗೆ ಮಾಡಿಸಿದ್ದೆ. ಒಬ್ಬ ಡಸ್ಟರ್ ಕಿವಿಗೆ ಹಿಡಿದು ಬ್ಯಾಂಕಿನವನಾಗುತ್ತಾನೆ. "ನಿಮ್ಮ ಎಟಿಎಂ ಬ್ಲಾಕ್ ಆಗಿದೆ, ಓಟಿಪಿ ಹೇಳಿ" ಅನ್ನುತ್ತಾನೆ. ಉಳಿದವರೆಲ್ಲ "ಯಾರಿಗೂ ಹೇಳಲ್ಲ!" ಅಂತ ಕೂಗಬೇಕು. ಪಕ್ಕದ ನಲಿ-ಕಲಿ ಕೊಠಡಿಯ ಟೀಚರ್ ಎದ್ದು ಬಂದು ನೋಡುವಷ್ಟು ಜೋರಾಗಿ ಕೂಗಿದರು. ಪಾಠ ತಲೆಗೆ ಹೋಯಿತು ಅಂದುಕೊಂಡೆ.

ಅದಾಗಿ ಒಂದು ವಾರಕ್ಕೆ ಸ್ಕಾಲರ್‌ಶಿಪ್ ಪೆಂಡಿಂಗ್ ಲಿಸ್ಟ್ ಬಂತು. ಗ್ರೂಪಿನಲ್ಲಿ ಶಾಲೆವಾರು ಶೇಕಡಾವಾರು, ನಮ್ಮ ಸಾಲು ಕೆಂಪು. ಕೆಳಗೆ "ಇಂದೇ ಮುಗಿಸುವುದು". ಪೋರ್ಟಲ್ ಹಗಲೆಲ್ಲ ಸುತ್ತುತ್ತಲೇ ಇರುತ್ತದೆ, ರಾತ್ರಿ ಎಂಟರ ಮೇಲೆ ತೆರೆದುಕೊಳ್ಳುತ್ತದೆ. ಹಾಗಾಗಿ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಒಬ್ಬೊಬ್ಬ ಪೋಷಕರಿಗೂ ಫೋನ್ ಮಾಡಿ ಓಟಿಪಿ ಇಸ್ಕೊಂಡು ಹಾಕುತ್ತಿದ್ದೆ. ಎಷ್ಟೋ ಶಾಲೆಯವರು ಮಾಡುವುದೂ ಹೀಗೇ. ಅದರಲ್ಲಿ ತಪ್ಪಿದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಆ ರಾತ್ರಿ ಏಳನೆಯ ಫೋನು ಆ ಕ್ಲಾಸಿನ ಒಬ್ಬ ಹುಡುಗಿಯ ಮನೆಗೆ. ಅವಳೇ ಎತ್ತಿದಳು. ಅಡಿಕೆ ಸೀಸನ್, ಅಮ್ಮ ಸುಲಿಯೋಕೆ ಹೋಗಿದ್ದರು.

"ಮೆಸೇಜ್ ಬಂದಿದೆ ನೋಡು ಪುಟ್ಟಾ. ಆರು ನಂಬರ್ ಇರುತ್ತೆ, ಹೇಳು."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಯಾರಿಗೂ ಹೇಳಬಾರದು ಅಂತ ನೀವೇ ಹೇಳಿದ್ರಲ್ಲ ಮಿಸ್?"

ಮೊದಲು ನಕ್ಕೆ. ಇದು ಸ್ಕಾಲರ್‌ಶಿಪ್ಪಿಗೆ, ಪರವಾಗಿಲ್ಲ ಅಂದೆ. "ಅಮ್ಮ ಬಂದ ಮೇಲೆ ಹೇಳ್ತೀನಿ ಮಿಸ್" ಅಂದಳು. ಪೋರ್ಟಲ್ಲಿನ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು. ಅಷ್ಟರಲ್ಲಿ ಎರಡು ಸಲ ಲಾಗಿನ್ ಹೋಗಿತ್ತು, ಇನ್ನೂ ಹದಿನೈದು ಮಕ್ಕಳು ಬಾಕಿ. ನನ್ನ ದನಿ ಏರಿತು. "ನಾನು ನಿಮ್ಮ ಮಿಸ್ ಕಣೇ, ದನಿ ಗೊತ್ತಾಗಲ್ವಾ? ಬೇಗ ಹೇಳು. ಟೈಮ್ ಆದ್ರೆ ದುಡ್ಡು ಬರಲ್ಲ, ಆಮೇಲೆ ನನ್ನ ಕೇಳಬೇಡ."

ಒಂದೊಂದೇ ಅಂಕಿ ಓದಿದಳು. ದನಿ ನಡುಗುತ್ತಿತ್ತು. ಹಾಕಿದೆ, ಹಸಿರು ಟಿಕ್ ಬಂತು. "ಜಾಣೆ" ಅಂದು ಮುಂದಿನ ನಂಬರ್ ಒತ್ತಿದೆ.

ಒಂಬತ್ತು ದಿನ ಕಳೆಯಿತು. ಬೆಳಗ್ಗೆ ಹಾಲು ಕೊಡುವ ಹೊತ್ತು. ಲೋಟ ಹಿಡಿದು ನನ್ನ ಪಕ್ಕಕ್ಕೆ ಬಂದು ನಿಂತಳು. "ಮಿಸ್, ನಿನ್ನೆ ಮತ್ತೆ ಫೋನ್ ಮಾಡಿಸಿದ್ರಾ?"

ಯಾರು, ಏನು ಅಂದೆ. ಸ್ಕಾಲರ್‌ಶಿಪ್‌ನವರು ಅಂದಳು. ಶಾಲೆಯಿಂದ ಲಿಸ್ಟ್ ಬಂದಿದೆ, ದುಡ್ಡು ಹಾಕೋಕೆ ಅಮ್ಮನ ಎಟಿಎಂ ಕಾರ್ಡ್ ನಂಬರ್ ಬೇಕು ಅಂದರಂತೆ. ಕಾರ್ಡ್ ತಂದು ಹದಿನಾರು ಅಂಕಿ ಓದಿದ್ದಾಳೆ, ತಿಂಗಳು-ವರ್ಷ ಓದಿದ್ದಾಳೆ, ಹಿಂದಿನ ಮೂರು ಅಂಕಿಯನ್ನೂ ಓದಿದ್ದಾಳೆ. ಓಟಿಪಿ ಕೇಳಿದಾಗ ಮಾತ್ರ ಹಿಂದೆಮುಂದೆ ನೋಡಿದಳಂತೆ. "ಅವರೂ ನಿಮ್ಮ ಥರಾನೇ ಬೈದ್ರು ಮಿಸ್. ಟೈಮ್ ಆಗುತ್ತೆ, ದುಡ್ಡು ಬರಲ್ಲ ಅಂದ್ರು. ಅದಕ್ಕೇ ಕೊಟ್ಟೆ."

ನನ್ನ ಕೈಕಾಲು ತಣ್ಣಗಾಯಿತು.

ಹೆಚ್‌ಎಂ ರೂಮಿಗೆ ಓಡಿದೆ. ನೋಟಿಸ್ ಬೋರ್ಡಿನಲ್ಲಿ ಇನ್ನೂ ಸೈಬರ್ ವಂಚನೆ ದೂರಿನ ಹಳೇ 155260 ನಂಬರ್ ಅಂಟಿಸಿತ್ತು, ಅದು ಬದಲಾಗಿ 1930 ಆಗಿ ವರ್ಷಗಳೇ ಆಗಿವೆ. 1930ಕ್ಕೆ ಸಿಕ್ಕಿದ್ದು ಮೂರನೇ ಸಲಕ್ಕೆ. ಯಾವ ಬ್ಯಾಂಕು, ಅಕೌಂಟ್ ನಂಬರ್ ಏನು, ಎಷ್ಟು ಹೊತ್ತಿಗೆ ಎಷ್ಟು ಹೋಗಿದೆ, ಟ್ರಾನ್ಸಾಕ್ಷನ್ ನಂಬರ್ ಏನು? ನನ್ನ ಹತ್ತಿರ ಒಂದೂ ಇರಲಿಲ್ಲ. ಮೆಸೇಜ್‌ಗಳಿರುವ ಫೋನು ಆ ದಿನ ಅಮ್ಮನ ಜೊತೆ ಅಡಿಕೆ ಮನೆಯಲ್ಲಿತ್ತು. ಸ್ಕೂಟಿಯಲ್ಲಿ ಮೂರು ಕಿಲೋಮೀಟರ್. ದಾರಿ ಪೂರ್ತಿ ಅವಳ ಆ ಒಂದು ಮಾತು ಕಿವಿಯಲ್ಲಿತ್ತು, ನಿಮ್ಮ ಥರಾನೇ ಬೈದ್ರು.

ಹತ್ತಾರು ಹೆಂಗಸರು ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಅವಳ ಅಮ್ಮ ಕೈ ಒರೆಸಿಕೊಂಡು ಫೋನ್ ಕೊಟ್ಟರು. ಎರಡು ಮೆಸೇಜ್, 3,000 ಮತ್ತು 3,200. ಮೂರು ತಿಂಗಳ ಗೃಹಲಕ್ಷ್ಮಿ ದುಡ್ಡು, ಜೊತೆಗೆ ಇನ್ನಷ್ಟು. ಎರಡೂ ಇಂಗ್ಲಿಷ್. ಒಂದೊಂದರ ಮೇಲೂ ಓಟಿಪಿ ಮೆಸೇಜ್. ಇಷ್ಟು ರೂಪಾಯಿ ಖರೀದಿಗೆ ಈ ನಂಬರ್, ಯಾರಿಗೂ ಹೇಳಬೇಡಿ ಅಂತ ಅದರಲ್ಲೇ ಬರೆದಿತ್ತು. ಅದೂ ಇಂಗ್ಲಿಷ್. ಆರು ಅಂಕಿ ಎಲ್ಲಿದೆ ಅಂತ ಹುಡುಕೋದನ್ನು ಫೋನಿನಲ್ಲಿ ಕಲಿಸಿದ್ದೆ. ಪಕ್ಕದಲ್ಲಿರುವ ಸಾಲು ಏನು ಹೇಳುತ್ತೆ ಅಂತ ಒಂದು ದಿನವೂ ಓದಿಸಿರಲಿಲ್ಲ.

ಅಲ್ಲೇ ನಿಂತು ಕಾರ್ಡ್ ಬ್ಲಾಕ್ ಮಾಡಿಸಿ 1930ಕ್ಕೆ ವಿವರ ಕೊಟ್ಟೆವು. ಆದರೆ ಒಂದು ರಾತ್ರಿ ಪೂರ್ತಿ ಕಳೆದಿತ್ತು. ದುಡ್ಡು ಹೋಗಿ ಸೇರಿದ ಖಾತೆಯಲ್ಲಿ ಇನ್ನೂ ಉಳಿದಿದ್ದರೆ ತಡೆಹಿಡಿಯುತ್ತಾರೆ, ಅಲ್ಲಿಂದ ದಾಟಿಬಿಟ್ಟರೆ ಕಷ್ಟ. ಬ್ಯಾಂಕಿನವರು ಓಟಿಪಿ ನೀವೇ ಕೊಟ್ಟಿದ್ದೀರಲ್ಲ ಅಂದರು. ಗುಟ್ಟಿನ ನಂಬರ್ ಗ್ರಾಹಕರೇ ಹಂಚಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲೇ ಇತ್ತು. ದುಡ್ಡು ವಾಪಸ್ ಬರಲಿಲ್ಲ.

ಅವಳಮ್ಮ ಮಗಳಿಗೆ ಬೈಯಲಿಲ್ಲ. "ನೀವು ಕೇಳಿಸಿದ್ದು ಅಂತ ಕೊಟ್ಟಳಂತೆ ಮೇಡಂ" ಅಂದರು, ಅಷ್ಟೇ.

ಅವಳಿಗೆ ಪಾಠ ಸರಿಯಾಗೇ ಗೊತ್ತಿತ್ತು. ನನ್ನನ್ನೇ ತಡೆದಿದ್ದಳು, ಅದೂ ಹತ್ತು ವರ್ಷದ ಮಗು. ಅವಳ ಆ ಧೈರ್ಯವನ್ನು ಹೊಗಳುವುದು ಬಿಟ್ಟು ಗದರಿ ಮುರಿದೆ. ಕಳ್ಳನಿಗೆ ನನ್ನ ಪರಿಚಯವೇ ಇರಲಿಲ್ಲ, ಆದರೂ ನಾನು ಆಡಿದ ಮಾತನ್ನೇ ಆಡಿದ. ಮಾರನೇ ದಿನ ಕ್ಲಾಸಿನಲ್ಲಿ ಎಲ್ಲರ ಮುಂದೆ, ಅವಳು ಮಾಡಿದ್ದು ಸರಿ, ನಾನು ಕೇಳಿದ್ದು ತಪ್ಪು ಅಂತ ಹೇಳಿದೆ. ಅವಳು ತಲೆ ಎತ್ತಲಿಲ್ಲ.

ಅಂದಿನಿಂದ ಯಾರಿಗೂ ಫೋನ್ ಮಾಡಿ ಓಟಿಪಿ ಕೇಳಿಲ್ಲ. ಪೋಷಕರು ಫೋನ್ ತಗೊಂಡು ಶಾಲೆಗೆ ಬರುತ್ತಾರೆ, ನನ್ನ ಪಕ್ಕ ಕೂತು, ಮೆಸೇಜ್ ಯಾವುದಕ್ಕೆ ಅಂತ ಓದಿಸಿಕೊಂಡು ತಾವೇ ಟೈಪ್ ಮಾಡುತ್ತಾರೆ. ತುಂಬಾ ನಿಧಾನ. ಕೂಲಿ ಬಿಟ್ಟು ಬರೋಕೆ ಅವರಿಗೂ ಕಷ್ಟ. ಮೀಟಿಂಗಿನಲ್ಲಿ ನಮ್ಮ ಶಾಲೆಯ ಹೆಸರು ಓದುತ್ತಾರೆ. ಅಲ್ಲಿ ಇದನ್ನೆಲ್ಲ ಎದ್ದು ನಿಂತು ಹೇಳಿದ್ದೇನೆ. ಸೈಬರ್ ಸುರಕ್ಷತೆ ದಿನ ಆಚರಿಸಿ ಫೋಟೋ ಕಳಿಸಿ ಅನ್ನುವವರೇ ಇವತ್ತೇ ಓಟಿಪಿ ತಗೊಳ್ಳಿ ಅನ್ನುವುದನ್ನು ಮೊದಲು ನಿಲ್ಲಿಸಬೇಕು. ಪೋಷಕರಿಗೆ ಹದಿನೈದು ದಿನ ಕೊಟ್ಟರೆ ಸಾಕು, ಯಾವ ಟೀಚರೂ ಮಕ್ಕಳಿಗೆ ಫೋನ್ ಮಾಡಬೇಕಾಗಿಲ್ಲ.

ಈಗಿನ ಆಟದಲ್ಲಿ ಡಸ್ಟರ್ ಹಿಡಿಯುವವಳು ನಾನೇ. ಬ್ಯಾಂಕಿನವಳಾಗಿ ಅಲ್ಲ, ಅವರ ಮಿಸ್ ಆಗಿಯೇ ಕೇಳುತ್ತೇನೆ. ಬೈಯುತ್ತೇನೆ, ಅವಸರ ಮಾಡುತ್ತೇನೆ. ಫೋನ್ ಇಟ್ಟುಬಿಡಬೇಕು. ಬಹಳ ಮಕ್ಕಳಿಗೆ ಇಡೋಕೆ ಆಗಲ್ಲ. ಮಿಸ್ ಮಾತಾಡುವಾಗ ಇಡೋದು ಹೇಗೆ ಅಂತ ಮುಖ ನೋಡುತ್ತಾರೆ. ಅದಕ್ಕೇ ಪ್ರತಿ ಶನಿವಾರ ಮಾಡಿಸುತ್ತಿದ್ದೇನೆ.

ಈ ವರ್ಷದ ಪೆಂಡಿಂಗ್ ಲಿಸ್ಟ್ ಮೊನ್ನೆ ಬಂತು. ಹನ್ನೊಂದು ಮಕ್ಕಳು, ಅದರಲ್ಲಿ ಅವಳ ಹೆಸರೂ ಇದೆ. ಭಾನುವಾರ ಸುಲಿಯೋ ಕೆಲಸ ಇಲ್ಲ, ಬರ್ತೀನಿ ಅಂತ ಅವಳಮ್ಮ ಹೇಳಿ ಕಳಿಸಿದ್ದಾರೆ. ಹೆಚ್‌ಎಂ ಹತ್ತಿರ ಕೀ ಇಸ್ಕೊಂಡು ಬಂದಿದ್ದೇನೆ.