ಮತ್ತೆ ಅದೇ ವಠಾರಕ್ಕೆ

ನಿನ್ನೆ ರಾತ್ರಿ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ, ಎಷ್ಟನೆಯ ಸಲವೋ ಲೆಕ್ಕವಿಲ್ಲ, ‘ಗಣೇಶನ ಮದುವೆ’ ನೋಡಿದೆವು. 1990ರ ಆ ಚಿತ್ರದ ಬಹುಪಾಲು ಮಾತುಗಳು ನಮಗೆಲ್ಲ ಬಾಯಿಪಾಠವಾಗಿವೆ. ಆದರೂ ಒಂದೇ ವಠಾರದಲ್ಲಿರುವ ಗಣೇಶ (ಅನಂತ್ ನಾಗ್) ಮತ್ತು ಆದಿಲಕ್ಷ್ಮಿ (ವಿನಯಾ ಪ್ರಸಾದ್) ಜಗಳಕ್ಕೆ ನಿಂತೊಡನೆ ಅಮ್ಮ ಅಡುಗೆಮನೆಯ ಕೆಲಸ ಬಿಟ್ಟು ಟಿವಿಯೆದುರು ಬಂದು ಕುಳಿತರು. ಮುಂದೇನಾಗುತ್ತದೆ ಎಂಬ ಕುತೂಹಲ ಎಂದೋ ತೀರಿರುವುದರಿಂದಲೇ, ಒಂದು ಮಾತಿಗೆ ಮುಂಚೆ ಅನಂತ್ ನಾಗ್ ತೆಗೆದುಕೊಳ್ಳುವ ಅರೆಕ್ಷಣದ ಬಿಡುವು, ಆ ಬಿಡುವನ್ನು ಕೆಡಿಸದೆ ಕಾದು ವಿನಯಾ ಪ್ರಸಾದ್ ಕೊಡುವ ಉತ್ತರ, ಇವೆಲ್ಲ ಈಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ನಿರ್ದೇಶಕ ಫಣಿ ರಾಮಚಂದ್ರ ಅವರೊಂದಿಗೆ ಇದೇ ಜೋಡಿ ಮರುವರ್ಷ ‘ಗೌರಿ ಗಣೇಶ’ದಲ್ಲಿಯೂ ಸೇರಿತು. ಒಬ್ಬರ ಲಯ ಇನ್ನೊಬ್ಬರಿಗೆ ತಿಳಿದಿರುವ ಇಂಥ ಬಳಗದಲ್ಲಿ ನಗುವನ್ನು ಎಳೆದು ತರಬೇಕಾಗುವುದಿಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ.

ಪರೇಲಿನ ಚಾಳಿನಲ್ಲಿ, ಅಂದರೆ ಮುಂಬಯಿಯ ವಠಾರದಲ್ಲಿ, ಬೆಳೆದ ಅಪ್ಪನಿಗಂತೂ ಚಿತ್ರದ ಆ ವಠಾರ ತಮ್ಮದೇ ಬಾಲ್ಯದಂತೆ, ಗೋಡೆಯಾಚೆಯ ಮಾತೆಲ್ಲ ಈಚೆಗೆ ಕೇಳಿಸುತ್ತಿದ್ದ ಆ ದಿನಗಳಂತೆ ಕಾಣುತ್ತದೆ. ಅನಂತ್ ನಾಗ್ ರಂಗಭೂಮಿಯಲ್ಲಿ ಪಳಗಿದ್ದು ಇದೇ ಮುಂಬಯಿಯಲ್ಲಿ ಎಂಬುದನ್ನು ಅವರು ಪ್ರತಿ ಸಲವೂ ಅಭಿಮಾನದಿಂದ ಹೇಳುತ್ತಾರೆ, ನಾವೂ ಹೊಸದಾಗಿ ಕೇಳಿದವರಂತೆ ಕೇಳುತ್ತೇವೆ. ಬರುವ ಭಾನುವಾರ ‘ಗೌರಿ ಗಣೇಶ’ ನೋಡುವುದೆಂದು ಮಾತಾಗಿದೆ.